ಸೋಮಾರಿ ಕುದುರೆಯೂ ಮೊದಲ ಬೆಂಚಿನ ಹುಡುಗನೂ

ಇಂಗ್ಲೆಂಡಿನಿಂದ ಹಿಂದಿರುಗಿದ ಹೊಸದರಲ್ಲಿ ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಕೇಳಿದ್ದು ಒಂದೇ ಪ್ರಶ್ನೆ: "ಮೇಷ್ಟ್ರೇ, ಅಲ್ಲಿ ಏನೇನು ನೋಡಿದಿರಿ?" ಷೇಕ್ಸ್‌ಪಿಯರನ ಮನೆ, ಥೇಮ್ಸ್ ನದಿ, ಅರಮನೆಯ ಕಾವಲುಗಾರರ ಕೆಂಪು ಅಂಗಿ ಇವುಗಳ ವರ್ಣನೆಯನ್ನು ನಿರೀಕ್ಷಿಸಿದ್ದವರಿಗೆ ನಾನು, "ಒಂದು ಕುದುರೆಯ ಕೆಮ್ಮನ್ನು ಕೇಳಿಕೊಂಡು ಬಂದೆ" ಎಂದಾಗ, ಮೇಷ್ಟ್ರಿಗೆ ಎಂದಿನ ತಮಾಷೆಯ ಬುದ್ಧಿ ಎಂದುಕೊಂಡು ನಕ್ಕು ಸುಮ್ಮನಾದರು. ಅದು ತಮಾಷೆಯಾಗಿರಲಿಲ್ಲ. ಅಲ್ಲಿದ್ದಷ್ಟು ಕಾಲವೂ ನನ್ನ ಮನಸ್ಸನ್ನು ಆವರಿಸಿಕೊಂಡಿದ್ದುದು ಆ ಕೆಮ್ಮೇ. ಅದರ ಬಗ್ಗೆ ಬರೆಯಬೇಕೆಂದು ಕುಳಿತಾಗಲೆಲ್ಲ ಬೇರೊಂದು ಹಳೆಯ ವಿಷಯ ಅಡ್ಡ ಬಂದು ಬರವಣಿಗೆ ನಿಂತುಬಿಡುತ್ತಿತ್ತು. ಅದನ್ನು ಬರೆಯದೆ ಇದನ್ನು ಬರೆಯಲಾಗದೆಂದು ಮನದಟ್ಟಾಗಲು ಇಷ್ಟು ಕಾಲ ಹಿಡಿಯಿತು.

2023ರ ನವೆಂಬರಿನಲ್ಲಿ ನಾನೂ ನನ್ನ ಶ್ರೀಮತಿಯೂ ಲೆಸ್ಟರ್ ನಗರದ ಹೊರವಲಯದಲ್ಲಿರುವ ಮಗಳ ಮನೆಗೆ ಹೋದೆವು. ಮೊಮ್ಮಗಳಿಗೆ ಆಗ ಹದಿನಾಲ್ಕು ವರ್ಷ. ನಮ್ಮ ಮಕ್ಕಳು ಸಂಗೀತಕ್ಕೋ ಟ್ಯೂಷನ್ನಿಗೋ ಹೋಗುವ ಹಾಗೆ ಅವಳು ಕುದುರೆ ಸವಾರಿಗೆ ಹೋಗುತ್ತಿದ್ದಳು. ಕುದುರೆ ಅವಳದಲ್ಲ. ಒಡತಿಗೆ ತಿಂಗಳಿಗಿಷ್ಟೆಂದು ಕೊಟ್ಟರೆ ವಾರದಲ್ಲಿ ಮೂರು ದಿನ ಅದನ್ನು ಸವಾರಿ ಮಾಡುವ, ಅದರ ಮೈ ತಿಕ್ಕುವ, ಲದ್ದಿ ಎತ್ತುವ ಹಕ್ಕು ದೊರೆಯುತ್ತದೆ. (ಲದ್ದಿ ಎತ್ತುವುದಕ್ಕೂ ನಾವೇ ಹಣ ಕೊಡಬೇಕೆ ಎಂದು ನನ್ನ ಶ್ರೀಮತಿ ಕೇಳಿದ್ದುಂಟು.) ಕುದುರೆಯ ಹೆಸರು ಬಿಸ್ಕಿಟ್. ಹದಿಮೂರು ವರ್ಷದ, ಕಂದು ಮೈಯ, ಅಗಲವಾದ ಎದೆಯ ಸಾಧು ಪ್ರಾಣಿ. ನಾನು "ಅದು" ಎಂದರೆ ಮೊಮ್ಮಗಳು ತಕ್ಷಣ "ಅವನು" ಎಂದು ತಿದ್ದುತ್ತಿದ್ದಳು. ನಲವತ್ತು ವರ್ಷ ಇತರರ ವ್ಯಾಕರಣ ತಿದ್ದಿದವನಿಗೆ ಅದೊಂದು ಹೊಸ ಅನುಭವ.

ಮೊದಲ ಶನಿವಾರ ಅವಳ ಜೊತೆ ಲಾಯಕ್ಕೆ ಹೋದೆ. ಚಳಿಗೆ ಕೈ ಮರಗಟ್ಟುತ್ತಿತ್ತು. ಮರಳು ಹಾಸಿದ, ಮೇಲೆ ತಗಡಿನ ಸೂರಿದ್ದ ಒಂದು ದೊಡ್ಡ ಅಂಕಣದಲ್ಲಿ ನಾಲ್ಕು ಮಕ್ಕಳು ಸವಾರಿ ಅಭ್ಯಾಸ ಮಾಡುತ್ತಿದ್ದರು. ನಡಿಗೆಯಿಂದ ಓಟಕ್ಕೆ ಬದಲಾದೊಡನೆ ಬಿಸ್ಕಿಟ್ ತಲೆ ತಗ್ಗಿಸಿ ಎರಡು ಬಾರಿ ಕೆಮ್ಮಿತು. ತರಬೇತಿ ಕೊಡುವಾಕೆ ಅತ್ತ ತಿರುಗಿಯೂ ನೋಡಲಿಲ್ಲ. ಆಮೇಲೆ ವೇಗ ಹೆಚ್ಚಿಸಲು ಹೇಳಿದಾಗ ಕುದುರೆ ಒಂದು ಸುತ್ತು ಓಡಿ ನಿಧಾನವಾಯಿತು. ಮೊಮ್ಮಗಳು ಹಿಮ್ಮಡಿಯಿಂದ ತಿವಿದಳು. ಮತ್ತೆ ಅರ್ಧ ಸುತ್ತು. ಮತ್ತೆ ನಿಧಾನ. ಆಗ ತರಬೇತುದಾರಳು ಒಂದು ಸಣ್ಣ ಬೆತ್ತವನ್ನು ಅವಳ ಕೈಗೆ ಕೊಟ್ಟು ಏನೋ ಹೇಳಿದಳು. ಮನೆಗೆ ಬರುವಾಗ ಕಾರಿನಲ್ಲಿ ಮೊಮ್ಮಗಳನ್ನು ವಿಚಾರಿಸಿದೆ.

"ಕೆಮ್ಮುತ್ತಲ್ಲೇ ಪುಟ್ಟಿ, ಅದಕ್ಕೆ ಹುಷಾರಿಲ್ಲವೇನೇ?"

"ಅದು ಏನೂ ಅಲ್ಲ ತಾತ. ಶುರುವಿನಲ್ಲಿ ಎಲ್ಲ ಕುದುರೆನೂ ಎರಡು ಸಲ ಕೆಮ್ಮುತ್ತೆ, ಗಂಟಲು ಸರಿ ಮಾಡ್ಕೊಳ್ಳುತ್ತೆ ಅಂತಾರೆ ಕೋಚ್. ಬಿಸ್ಕಿಟ್ ಸ್ವಲ್ಪ ಲೇಜಿ, ಅಷ್ಟೆ."

ಸೋಮಾರಿ. ಈ ಮಾತು ನನ್ನೊಳಗೆ ಎಲ್ಲಿಯೋ ಚುಚ್ಚಿತು. ಎಲ್ಲಿ ಎಂಬುದನ್ನು ಆಮೇಲೆ ಹೇಳುತ್ತೇನೆ.

ಮರುದಿನ ಲಾಯದಲ್ಲಿ ಬಿಸ್ಕಿಟ್ ಸುಮ್ಮನೆ ನಿಂತಿದ್ದಾಗ ಕೈಗಡಿಯಾರ ಹಿಡಿದು ಅದರ ಪಕ್ಕೆಯ ಏರಿಳಿತವನ್ನು ಎಣಿಸಿದೆ. ಜೀವಶಾಸ್ತ್ರದ ಮೇಷ್ಟ್ರ ಹಳೆಯ ಚಾಳಿ. ವಿಶ್ರಾಂತಿಯಲ್ಲಿರುವ ಆರೋಗ್ಯವಂತ ಕುದುರೆ ನಿಮಿಷಕ್ಕೆ 8ರಿಂದ 16 ಬಾರಿ ಉಸಿರಾಡುತ್ತದೆ. ನನ್ನ ಲೆಕ್ಕಕ್ಕೆ ಸಿಕ್ಕಿದ್ದು 26. ಮೂಗಿನ ಹೊಳ್ಳೆಗಳು ನಿಂತಲ್ಲಿಯೇ ಅರಳಿದ್ದವು. ಉಸಿರು ಬಿಡುವ ಕೊನೆಯಲ್ಲಿ ಹೊಟ್ಟೆ ಇನ್ನೊಮ್ಮೆ ಒತ್ತಿಕೊಳ್ಳುತ್ತಿತ್ತು. ಒಂದೇ ಉಸಿರನ್ನು ಎರಡು ಕಂತಿನಲ್ಲಿ ಹೊರಹಾಕಿದಂತೆ. ಹೀಗೆ ತಿಂಗಳುಗಟ್ಟಲೆ ಒತ್ತಿ ಒತ್ತಿ ಹೊಟ್ಟೆಯ ಸ್ನಾಯು ದಪ್ಪವಾಗಿ ಪಕ್ಕೆಯ ಕೆಳಗೆ ಓರೆಯಾದ ಗೆರೆಯೊಂದು ಮೂಡುತ್ತದೆ. ಆ ಗೆರೆ ಬಿಸ್ಕಿಟ್‌ನ ಮೈಮೇಲೆ ತೆಳುವಾಗಿ ಕಾಣತೊಡಗಿತ್ತು. ಪುಸ್ತಕದಲ್ಲಿ ಓದಿದ್ದನ್ನು ಕಣ್ಣಾರೆ ಕಂಡದ್ದು ಅದೇ ಮೊದಲು.

ಇಲ್ಲಿ ಕುದುರೆಯ ಉಸಿರಾಟದ ಬಗ್ಗೆ ಸ್ವಲ್ಪ ಪಾಠ ಮಾಡದೆ ಮುಂದೆ ಹೋಗಲಾರೆ, ಕ್ಷಮಿಸಬೇಕು. ಮನುಷ್ಯನಿಗೆ ಮೂಗು ಕಟ್ಟಿದರೆ ಬಾಯಿಂದ ಉಸಿರಾಡುತ್ತಾನೆ. ನಾಯಿ ನಾಲಗೆ ಚಾಚಿ ಏದುತ್ತದೆ. ಕುದುರೆಗೆ ಈ ಸೌಕರ್ಯವಿಲ್ಲ. ಅದರ ಮೃದು ಅಂಗುಳವು ಉದ್ದವಾಗಿದ್ದು ಧ್ವನಿಪೆಟ್ಟಿಗೆಯ ಬುಡವನ್ನು ಬಿರಡೆಯಂತೆ ಸುತ್ತಿಕೊಂಡಿರುವುದರಿಂದ ಬಾಯಿಗೂ ಶ್ವಾಸನಾಳಕ್ಕೂ ನಡುವೆ ದಾರಿಯೇ ಇರುವುದಿಲ್ಲ. ಅದು ಬದುಕಬೇಕಾದದ್ದು ಎರಡು ಹೊಳ್ಳೆಗಳಿಂದ ಮಾತ್ರ. ವಿಶ್ರಾಂತಿಯಲ್ಲಿ ಒಂದು ಉಸಿರಿಗೆ ಸುಮಾರು 5 ಲೀಟರ್ ಗಾಳಿ ಎಳೆಯುವ ಕುದುರೆ, ನಾಗಾಲೋಟದಲ್ಲಿ ಅದರ ಎರಡು ಮೂರು ಪಟ್ಟು ಗಾಳಿಯನ್ನು ನಿಮಿಷಕ್ಕೆ 120ಕ್ಕೂ ಹೆಚ್ಚು ಬಾರಿ ಎಳೆದುಕೊಳ್ಳಬೇಕು. ಅದರ ಮೇಲೆ ಇನ್ನೊಂದು ನಿರ್ಬಂಧವಿದೆ. ಈ ಓಟದಲ್ಲಿ ಒಂದು ಹೆಜ್ಜೆಗೆ ಒಂದೇ ಉಸಿರು. ಮುಂಗಾಲು ನೆಲ ಮುಟ್ಟುವಾಗ ಉಸಿರು ಹೊರಕ್ಕೆ, ಮೈ ಚಾಚಿದಾಗ ಒಳಕ್ಕೆ. ಉಸಿರು ಸಾಲದೆಂದು ನಡುವೆ ಇನ್ನೊಂದು ಉಸಿರನ್ನು ಸೇರಿಸಿಕೊಳ್ಳಲು ಅದಕ್ಕೆ ಸಾಧ್ಯವಿಲ್ಲ. ಹೆಜ್ಜೆಯನ್ನೇ ನಿಲ್ಲಿಸಬೇಕು, ಅಥವಾ ನಿಧಾನಗೊಳಿಸಬೇಕು. ಬಿಸ್ಕಿಟ್ ಮಾಡಿದ್ದು ಅದನ್ನೇ. ನಾವು ಅದಕ್ಕೆ ಸೋಮಾರಿತನವೆಂದು ಹೆಸರಿಟ್ಟು ಕೈಗೆ ಬೆತ್ತ ತೆಗೆದುಕೊಂಡೆವು.

ಮಗಳಿಗೆ ಹೇಳಿದೆ. ಅವಳು ವೈದ್ಯೆ, ಆದರೆ ಮನುಷ್ಯರ ವೈದ್ಯೆ. "ಅಪ್ಪ, ಇಲ್ಲಿ ಕೋಚ್‌ಗಳ ಮಾತಿಗೆ ಎದುರು ಹೇಳಿದರೆ ಚೆನ್ನಾಗಿರಲ್ಲ, ನೀವು ಕುದುರೆ ಸಾಕಿದವರೂ ಅಲ್ಲ" ಎಂದಳು. ಅವಳ ಮಾತು ನಿಜವೇ. ನಾನು ಸಾಕಿದ್ದು ಎರಡು ಎಮ್ಮೆಗಳನ್ನು ಮಾತ್ರ. ಆದರೂ ಕುದುರೆಯ ಒಡತಿಯನ್ನು, ನನ್ನದೇ ವಯಸ್ಸಿನ ಒಬ್ಬ ಮಹಿಳೆ, ಚಹಾಕ್ಕೆ ಕರೆದು ನಾನು ಬರೆದಿಟ್ಟ ಲೆಕ್ಕವನ್ನು ತೋರಿಸಿದೆ. ಆಕೆ ಕನ್ನಡಕ ಹಾಕಿಕೊಂಡು ಹಾಳೆಯನ್ನು ಎರಡು ಸಲ ಓದಿ, ಯಾರೂ ತನಗೆ ಎಣಿಸಿ ಹೇಳಿರಲಿಲ್ಲ ಎಂದರು. ಆ ವಾರವೇ ಪಶುವೈದ್ಯೆ ಬಂದರು.

ಅವರು ಮೊದಲು ಜ್ವರ ನೋಡಿದರು, ಸೋಂಕಿನ ಶೀತವಲ್ಲವೆಂದು ಖಚಿತಪಡಿಸಿಕೊಂಡರು. ಆಮೇಲೆ ಕೇಳಿದ ಪ್ರಶ್ನೆ ನನಗೆ ವಿಚಿತ್ರವೆನಿಸಿತು: ಅದೇ ಹೊಲದಲ್ಲಿ ಕತ್ತೆ ಮೇಯುತ್ತದೆಯೇ? ಕತ್ತೆಗಳು ಒಂದು ಬಗೆಯ ಶ್ವಾಸಕೋಶದ ಹುಳುವನ್ನು ಯಾವ ತೊಂದರೆಯೂ ಇಲ್ಲದೆ ಹೊತ್ತುಕೊಂಡಿರುತ್ತವೆಯಂತೆ. ಜೊತೆಯಲ್ಲಿ ಮೇಯುವ ಕುದುರೆಗೆ ಅದು ಹತ್ತಿದರೆ ಕೆಮ್ಮು. ಕತ್ತೆ ಇರಲಿಲ್ಲ. ಕುದುರೆ ಎಳೆಯುವ ಉಸಿರಿನಲ್ಲಿ ಗರಗಸದಂಥ ಸದ್ದಿದೆಯೇ ಎಂದೂ ಓಡಿಸಿ ಕೇಳಿದರು. ಎತ್ತರದ ಕುದುರೆಗಳಲ್ಲಿ ಎಡಭಾಗದ ಧ್ವನಿಪೆಟ್ಟಿಗೆಯ ನರ ಸೊರಗಿ ಗಾಳಿಯ ಬಾಗಿಲು ಅರ್ಧ ಮುಚ್ಚಿಕೊಳ್ಳುವ ಕಾಯಿಲೆಯೊಂದುಂಟು. ಆ ನರ ಮಿದುಳಿನಿಂದ ನೇರವಾಗಿ ಗಂಟಲಿಗೆ ಬಾರದೆ ಎದೆಯವರೆಗೆ ಇಳಿದು, ಮಹಾಪಧಮನಿಯನ್ನು ಸುತ್ತುಹಾಕಿ, ಮತ್ತೆ ಕತ್ತಿನುದ್ದಕ್ಕೂ ಮೇಲೇರುತ್ತದೆ. (ಹತ್ತನೆಯ ತರಗತಿಯಲ್ಲಿ ಜಿರಾಫೆಯ ಚಿತ್ರ ಬರೆದು ಇದನ್ನು ತೋರಿಸುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.) ಅದಕ್ಕೆ ಶಸ್ತ್ರಚಿಕಿತ್ಸೆಯೇ ದಾರಿ. ಬಿಸ್ಕಿಟ್‌ಗೆ ಆ ಸದ್ದಿರಲಿಲ್ಲ. ಕೊನೆಗೆ ಮೂಗಿನ ಮೂಲಕ ಉದ್ದನೆಯ ಕೊಳವೆಯ ಕ್ಯಾಮೆರಾ ಇಳಿಸಿ ನೋಡಿದರು. ಶ್ವಾಸನಾಳದ ತಳದಲ್ಲಿ ಅಂಟು ಲೋಳೆ ಹರಡಿತ್ತು. ಶ್ವಾಸಕೋಶವನ್ನು ಸ್ವಲ್ಪ ಲವಣಜಲದಿಂದ ತೊಳೆದು ಆ ನೀರನ್ನು ಪರೀಕ್ಷೆಗೆ ಕಳಿಸಿದರು. ಅದರಲ್ಲಿ ಆರೋಗ್ಯವಂತ ಕುದುರೆಗೆ ನೂರಕ್ಕೆ ಐದರೊಳಗೆ ಇರಬೇಕಾದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಕಾಲು ಭಾಗವನ್ನೂ ಮೀರಿದ್ದವು. ಹೆಸರು: ಕುದುರೆಯ ಅಸ್ತಮಾ. ನಮ್ಮ ಹಿರಿಯರ ಮಾತಿನಲ್ಲಿ ಗೂರಲು.

ಕಾಯಿಲೆ ಹಳೆಯದು, ಹೆಸರು ಹೊಸದು. ಕುದುರೆವೈದ್ಯರ ಬಳಗ ಅಸ್ತಮಾ ಎಂಬ ಹೆಸರನ್ನು ಶಿಫಾರಸು ಮಾಡಿದ್ದು 2016ರಲ್ಲಿ. ಅದಕ್ಕೆ ಮುಂಚೆ ನಾನಾ ಹೆಸರುಗಳಿದ್ದವು. ಹಳೆಯ ಇಂಗ್ಲಿಷರು ಉಸಿರು ಮುರಿದ ಕುದುರೆ ಎನ್ನುತ್ತಿದ್ದರು. ಲೆಸ್ಟರಿನಿಂದ ಹೆಚ್ಚು ದೂರವಿಲ್ಲದ ಲಿಚ್‌ಫೀಲ್ಡ್ ಊರಿನ ವೈದ್ಯ ಸರ್ ಜಾನ್ ಫ್ಲಾಯರ್ 1698ರಲ್ಲಿ ಅಸ್ತಮಾದ ಮೇಲೊಂದು ಗ್ರಂಥ ಬರೆದ. ಸ್ವತಃ ಉಬ್ಬಸದಿಂದ ನರಳಿದವನು. ಉಸಿರು ಮುರಿದ ಹೆಣ್ಣು ಕುದುರೆಯೊಂದರ ಶ್ವಾಸಕೋಶವನ್ನು ಕೊಯ್ದು ನೋಡಿ, ಅದು ಗಾಳಿ ತುಂಬಿ ಊದಿಕೊಂಡಿರುವುದನ್ನು ದಾಖಲಿಸಿದವನು ಅವನೇ. ನಾಡಿ ಬಡಿತವನ್ನು ಎಣಿಸಲು ಒಂದು ಗಡಿಯಾರವನ್ನೂ ಮಾಡಿಸಿದ್ದನಂತೆ. ಲಾಯದಲ್ಲಿ ಗಡಿಯಾರ ಹಿಡಿದು ನಿಂತ ಮೈಸೂರಿನ ಮೇಷ್ಟ್ರನ್ನು ಕಂಡಿದ್ದರೆ ಅವನಾದರೂ ನಗುತ್ತಿರಲಿಲ್ಲ. ಪ್ರಾಣಿಗಳ ಕಾಯಿಲೆಗಳನ್ನು ಬರೆದಿಡುವ ಪರಂಪರೆ ನಮಗೂ ಹೊಸದಲ್ಲ. ಕನ್ನಡದಲ್ಲೇ ಕೀರ್ತಿವರ್ಮನ ಗೋವೈದ್ಯವಿದೆ, ಅಭಿನವಚಂದ್ರನ ಅಶ್ವವೈದ್ಯವಿದೆ.

ಇನ್ನು ಕಾರಣ. ನಾನು ಇಂಗ್ಲೆಂಡಿನ ಚಳಿಯೇ ಕಾರಣವೆಂದುಕೊಂಡಿದ್ದೆ. ಅಲ್ಲ, ಹುಲ್ಲು! ಅಲ್ಲಿ ಬೇಸಿಗೆಯಲ್ಲಿ ಹುಲ್ಲು ಕೊಯ್ದು ಒಣಗಿಸಿ ಹೊರೆ ಕಟ್ಟಿಡುತ್ತಾರೆ. ಮಳೆ ಯಾವಾಗ ಬರುವುದೆಂದು ಹೇಳಲಾಗದ ದೇಶ. ಹುಲ್ಲಿನಲ್ಲಿ ಶೇಕಡ 20ಕ್ಕಿಂತ ಹೆಚ್ಚು ತೇವ ಉಳಿದಿರುವಾಗಲೇ ಹೊರೆ ಕಟ್ಟಿದರೆ ಒಳಗೊಳಗೇ ಬಿಸಿಯೇರಿ ಬೂಷ್ಟು ಬೆಳೆಯುತ್ತದೆ. ಆ ಬೂಷ್ಟಿನ ಬೀಜಕಗಳು ಎರಡು ಮೂರು ಮೈಕ್ರಾನ್ ಗಾತ್ರದವು, ಅಂದರೆ ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಎರಡು ಮೂರು ಭಾಗ. ಮೂಗಿನ ಕೂದಲಿಗಾಗಲಿ ಗಂಟಲಿನ ಲೋಳೆಗಾಗಲಿ ಸಿಕ್ಕದೆ ನೇರವಾಗಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಚಳಿಗಾಲವಿಡೀ ಕುದುರೆ ಕದ ಮುಚ್ಚಿದ ಲಾಯದಲ್ಲಿ ನಿಂತು, ಮೂಗಿನ ಮಟ್ಟಕ್ಕೆ ತೂಗಿಬಿಟ್ಟ ಬಲೆಯಿಂದ ಆ ಹುಲ್ಲನ್ನು ಕಿತ್ತು ಕಿತ್ತು ತಿನ್ನುತ್ತದೆ. ಕಿತ್ತಾಗಲೆಲ್ಲ ಧೂಳಿನ ಮೋಡ. ನೆಲದ ಮೇಲೆ ಗೋಧಿಹುಲ್ಲಿನ ಹಾಸು, ಅದರಿಂದ ಇನ್ನಷ್ಟು ಧೂಳು. ಉಚ್ಚೆಯಿಂದೇಳುವ ಅಮೋನಿಯಾ ಬೇರೆ. ತಲೆ ಬಗ್ಗಿಸಿ ಮೇಯುವ ಪ್ರಾಣಿಯ ತಲೆಯನ್ನು ಮೇಲೆ ಎತ್ತಿಸಿ ತಿನ್ನಿಸಿದರೆ ಎದೆಯ ಕಫ ಹೊರಕ್ಕೆ ಇಳಿದು ಬರುವ ದಾರಿಯೂ ತಪ್ಪುತ್ತದೆ.

ಈ ಲೇಖನದಲ್ಲಿ ನಾನು ಒತ್ತಿ ಹೇಳಬೇಕೆಂದಿರುವ ಅಭಿಪ್ರಾಯ ಇಲ್ಲಿಂದ ಪ್ರಾರಂಭವಾಗುತ್ತದೆ. ಸವಾರಿ ಕುದುರೆಯ ಉಬ್ಬಸಕ್ಕೆ ಮೊದಲ ವೈದ್ಯ ಸೂಜಿ ಹಿಡಿದವನಲ್ಲ, ಕಸಪೊರಕೆ ಹಿಡಿದವನು. ಪಶುವೈದ್ಯೆಯೂ ಹೇಳಿದ್ದು ಅದನ್ನೇ. ಔಷಧಗಳಿವೆ. ಸ್ಟೀರಾಯ್ಡು ಊತವನ್ನು ಇಳಿಸುತ್ತದೆ. ಶ್ವಾಸನಾಳವನ್ನು ಸಡಿಲಿಸುವ ಮದ್ದು ಬೇರೆ ಇದೆ. ಕುದುರೆಯ ಒಂದು ಹೊಳ್ಳೆಗೆ ಹಿಡಿದು ಮದ್ದನ್ನು ಉಸಿರಿನೊಡನೆ ಕೊಡುವ, ಹತ್ತು ದಿನದ ಚಿಕಿತ್ಸೆಯ ಇನ್‌ಹೇಲರ್ ಕೂಡ 2020ರಲ್ಲಿ ಯುರೋಪಿನಲ್ಲಿ ಮಂಜೂರಾಗಿದೆ. ಬಿಸ್ಕಿಟ್‌ಗೆ ಅದನ್ನೇ ಕೊಟ್ಟರು. ಆದರೆ ಬೂಷ್ಟು ಹುಲ್ಲಿನ ಮುಂದೆ ಕುದುರೆಯನ್ನು ಕಟ್ಟಿ ಮದ್ದು ಕೊಡುವುದೆಂದರೆ ಸೌದೆ ಒಲೆಯ ಹೊಗೆಯಲ್ಲಿ ಕೂರಿಸಿ ಕಣ್ಣಿಗೆ ಹನಿ ಬಿಟ್ಟಂತೆ. ಅದೂ ಅಲ್ಲದೆ ಸ್ಟೀರಾಯ್ಡನ್ನು ಹೆಚ್ಚು ಕಾಲ ಕೊಟ್ಟರೆ ಕೆಲವು ಕುದುರೆಗಳಿಗೆ ಗೊರಸಿನೊಳಗೆ ಊತ ಬಂದು ನಡೆಯಲಾಗದ ಸ್ಥಿತಿ ಒದಗಬಹುದು. ಶ್ವಾಸನಾಳವನ್ನು ಮಾತ್ರ ಸಡಿಲಿಸಿ ಓಡಿಸುವುದು ಇನ್ನೂ ಅಪಾಯ. ಕುದುರೆ ಗುಣವಾದಂತೆ ತೋರುತ್ತದೆ, ಒಳಗಿನ ಬೇನೆ ಹಾಗೆಯೇ ಇರುತ್ತದೆ.

ಮಾಡಬೇಕಾದ ಕೆಲಸಗಳೋ, ಹೇಳುವುದಕ್ಕೆ ಬಲು ಸುಲಭ. ಹುಲ್ಲನ್ನು ಅರ್ಧ ಗಂಟೆ ನೀರಿನಲ್ಲಿ ಅದ್ದಿ, ಒಣಗುವ ಮುನ್ನವೇ ಹಾಕಬೇಕು. ಗಂಟೆಗಟ್ಟಲೆ ನೆನೆಸಿದರೆ ಸಾರವೆಲ್ಲ ನೀರಿಗೆ ಹೋಗುತ್ತದೆ, ಸೆಕೆಯಿದ್ದರೆ ಹುಳಿಯುತ್ತದೆ. ಇಡ್ಲಿಯಂತೆ ಹುಲ್ಲನ್ನು ಹಬೆಯಲ್ಲಿ ಬೇಯಿಸುವ ಪೆಟ್ಟಿಗೆಗಳೂ ಇವೆ. (ನನ್ನ ಶ್ರೀಮತಿಗೆ ಆ ದೇಶದಲ್ಲಿ ಅತ್ಯಂತ ಮೆಚ್ಚಿಕೆಯಾದ ಯಂತ್ರ ಅದೇ.) ಆಹಾರವನ್ನು ನೆಲದ ಮೇಲೆ ಇಡಬೇಕು. ಗೋಧಿಹುಲ್ಲಿನ ಬದಲು ಧೂಳು ತೆಗೆದ ಮರದ ಹೊಟ್ಟು. ಗುಡಿಸುವಾಗ ಕುದುರೆ ಹೊರಗಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಬೆನ್ನಿಗೆ ಮಳೆ ತಡೆಯುವ ಹೊದಿಕೆ ಕಟ್ಟಿ ಚಳಿಗಾಲದಲ್ಲೂ ಬಯಲಿನಲ್ಲಿ ಬಿಡಬೇಕು. ಬೇಸಿಗೆಯ ಹುಲ್ಲುಗಾವಲೇ ಆಗದ ಕುದುರೆಗಳು ಕೆಲವು ಇವೆಯೆಂಬುದು ನಿಜ. ಆದರೆ ಬಿಸ್ಕಿಟ್ ಅಂಥದ್ದಲ್ಲ, ಬೇಸಿಗೆಯಲ್ಲಿ ಅದು ಕೆಮ್ಮಿದ್ದೇ ಇಲ್ಲವೆಂದು ಮೊಮ್ಮಗಳು ನೆನಪಿಸಿಕೊಂಡಳು.

ಮೊಮ್ಮಗಳು ಮೂರು ವಾರ ಕೈ ಕೆಂಪಾಗುವಂತೆ ಹುಲ್ಲು ಅದ್ದಿದಳು. ಒಂದು ಮುಂಜಾನೆ ತೊಟ್ಟಿಯ ನೀರೇ ಹೆಪ್ಪುಗಟ್ಟಿತ್ತು. ಇಷ್ಟಾದರೂ ಎಣಿಕೆ 20ಕ್ಕಿಂತ ಕೆಳಗಿಳಿಯಲಿಲ್ಲ. ಕಾರಣ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಬಿಸ್ಕಿಟ್‌ನ ಅಕ್ಕಪಕ್ಕದ ಕುದುರೆಗಳಿಗೆ ಅದೇ ಒಣ ಹುಲ್ಲು, ಅದೇ ಗೋಧಿಹುಲ್ಲಿನ ಹಾಸು, ನಡುವೆ ಎದೆಮಟ್ಟದ ಗೋಡೆ ಮಾತ್ರ. ಗಾಳಿ ಬಾಡಿಗೆ ಕೊಟ್ಟವರ ಗಡಿಯನ್ನು ನೋಡಿ ಬೀಸುವುದಿಲ್ಲ. ಎಲ್ಲರೂ ಸ್ವಲ್ಪ ಸ್ವಲ್ಪ ಬದಲಾಯಿಸಿದರೆ ಆಗುತ್ತದೆಂದು ಒಡತಿ ಲಾಯದ ಮಾಲೀಕರನ್ನು ಕೇಳಿದರು. ಉತ್ತರಗಳು ಬಗೆಬಗೆಯವು. ಮರದ ಹೊಟ್ಟು ದುಬಾರಿ. ಚಳಿಗಾಲದಲ್ಲಿ ಕುದುರೆ ಬಿಟ್ಟರೆ ಹೊಲವೆಲ್ಲ ಕೆಸರು. ಉಳಿದ ಹನ್ನೊಂದು ಕುದುರೆಗಳು ಚೆನ್ನಾಗಿವೆ. ಒಂದು ಕುದುರೆಯ ಕೆಮ್ಮಿಗಾಗಿ ಇಡೀ ಲಾಯ ಬದಲಾಗಬೇಕೆ? ಇನ್ನೊಂದು ಔಷಧಿ ಕೊಡಿಸಿ ನೋಡಬಾರದೆ?

ನಾನು ಅವರನ್ನು ಕೆಟ್ಟವರೆನ್ನುವುದಿಲ್ಲ. ಅದು ನಷ್ಟದ ವ್ಯವಹಾರ, ಅವರ ಲೆಕ್ಕ ಅವರಿಗೆ. ಆದರೆ "ಉಳಿದ ಹನ್ನೊಂದು ಚೆನ್ನಾಗಿವೆ" ಎಂಬ ವಾದವನ್ನು ನಾನು ಒಪ್ಪಲಾರೆ. ನಾನೇ ಆ ಲಾಯದಲ್ಲಿ ಒಂದು ಬೆಳಗ್ಗೆ ನಿಂತು ಕೇಳಿದ್ದೇನೆ, ಆ ಹನ್ನೊಂದರಲ್ಲಿ ನಾಲ್ಕು ಕೆಮ್ಮಿದವು. ಯಾರ ಕಿವಿಗೂ ಅದು ಬೀಳುತ್ತಿರಲಿಲ್ಲ, ದಿನವೂ ಕೇಳುವ ಸದ್ದಾದ್ದರಿಂದ. ಕುದುರೆ ಬೇಟೆಗೆ ಗುರಿಯಾಗುವ ಜಾತಿ. ನೋವನ್ನು ತೋರಿಸಿಕೊಂಡರೆ ಹುಲಿಗೆ ಆಹಾರ. ಆದ್ದರಿಂದ ತೋರಿಸಿಕೊಳ್ಳದಿರುವುದು ಅದರ ರಕ್ತದಲ್ಲೇ ಬಂದಿದೆ. ಅಂಥ ಪ್ರಾಣಿ ಎರಡು ಬಾರಿ ಕೆಮ್ಮಿತೆಂದರೆ ಅದು ಗಂಟಲು ಸರಿಮಾಡಿಕೊಳ್ಳುವುದಲ್ಲ.

ಸವಾರಿಯ ವಿಷಯದಲ್ಲಿಯೂ ಒಂದು ಮಾತಿದೆ. ಕುದುರೆಯ ಕತ್ತು ಬಿಲ್ಲಿನಂತೆ ಬಾಗಿ ಗದ್ದ ಎದೆಗೆ ಅಂಟಿದರೆ ನೋಡಲು ಠೀವಿ. ಆದರೆ ಹಾಗೆ ಮಡಚಿದಾಗ ಗಂಟಲಿನ ದಾರಿ ಕಿರಿದಾಗುತ್ತದೆ. ಆರೋಗ್ಯವಂತ ಕುದುರೆಗೇ ಕಷ್ಟ, ಉಬ್ಬಸದ ಕುದುರೆಗೆ ಕೇಳಬೇಕೆ? ಮೂಗಿನ ಮೇಲಿನ ಪಟ್ಟಿಯೂ ಅಷ್ಟೆ, ಮೂಳೆಗೂ ಪಟ್ಟಿಗೂ ನಡುವೆ ಎರಡು ಬೆರಳು ಸಲೀಸಾಗಿ ಹೋಗಬೇಕು. ನಮ್ಮ ಶಾಲೆಯಲ್ಲಿ ಒಂದು ವರ್ಷ ಇಂಗ್ಲಿಷಿಗೆ ಉಪಪಠ್ಯವಾಗಿದ್ದ ಬ್ಲ್ಯಾಕ್ ಬ್ಯೂಟಿಯನ್ನು ನೆನಪಿಸಿಕೊಳ್ಳಿ. 1877ರಲ್ಲಿ ಅದನ್ನು ಪ್ರಕಟಿಸಿದ ಆನ್ನಾ ಸ್ಯೂಯೆಲ್ ಹದಿನಾಲ್ಕನೆಯ ವಯಸ್ಸಿನಲ್ಲಿ ಕಾಲಿಗೆ ಪೆಟ್ಟಾಗಿ ಬಾಳೆಲ್ಲ ಕುಂಟಿದಾಕೆ. ಎಲ್ಲಿಗೆ ಹೋಗಬೇಕಾದರೂ ಕುದುರೆಯನ್ನೇ ನಂಬಿದ್ದಾಕೆ. ಕುದುರೆಯ ತಲೆಯನ್ನು ಠೀವಿಗಾಗಿ ಎತ್ತಿ ಕಟ್ಟುವ ಲಗಾಮಿನ ವಿರುದ್ಧ ಆಕೆ ಬರೆದದ್ದು ಪುಸ್ತಕದುದ್ದಕ್ಕೂ ಇದೆ. ಅದರಲ್ಲಿ ಬರುವ ಜಿಂಜರ್ ಎಂಬ ಕುದುರೆಯ ಉಸಿರು ಕೆಟ್ಟದ್ದು ಹೇಗೆ? ಸಿರಿವಂತರ ಮಗನೊಬ್ಬ ಪಂದ್ಯದ ಹುಚ್ಚಿನಲ್ಲಿ ಅದರ ಶಕ್ತಿ ಮೀರಿ ಓಡಿಸಿದ್ದರಿಂದ. ಆಮೇಲಿನ ಅದರ ಗತಿಯನ್ನು ಓದುವಾಗ ಹಿಂದಿನ ಸಾಲಿನ ಹುಡುಗಿಯರು ಅತ್ತದ್ದು ನನಗೆ ನೆನಪಿದೆ.

ಮಾರ್ಚಿನಲ್ಲಿ ಮೊಮ್ಮಗಳಿಗೆ ಒಂದು ಸ್ಪರ್ಧೆಯಿತ್ತು. ಎರಡು ವರ್ಷದಿಂದ ಕಾದಿದ್ದಳು. ಬಿಸ್ಕಿಟ್ ಔಷಧದಿಂದ ಸ್ವಲ್ಪ ಸುಧಾರಿಸಿತ್ತು. ಆ ಒಂದು ದಿನಕ್ಕೆ ನಡೆದುಹೋಗುತ್ತದೆಂದು ತರಬೇತುದಾರಳೂ ಹೇಳಿದಳು. ಹಿಂದಿನ ರಾತ್ರಿ ಮೊಮ್ಮಗಳು ನನ್ನ ಕೋಣೆಗೆ ಬಂದಳು.

"ತಾತ, ಹೋಗಲಾ ಬೇಡವಾ? ನೀವೇ ಹೇಳಿ."

ನಾನು ಹೇಳಲಿಲ್ಲ. "ನಾಳೆ ಬೆಳಗ್ಗೆ ಎಣಿಸಿ ನೋಡು ಪುಟ್ಟಿ, ಆಮೇಲೆ ನೀನೇ ಹೇಳು" ಎಂದೆ. ಬೆಳಗಿನ ಎಣಿಕೆ 18. ಆರೋಗ್ಯದ ಗಡಿಯಿಂದ ಎರಡೇ ಎರಡು ಹೆಚ್ಚು. ಅವಳು ಮೂರು ಸಲ ಎಣಿಸಿದಳು. ಹೋಗಲಿಲ್ಲ. ಆ ದಿನವೆಲ್ಲ ಯಾರೊಡನೆಯೂ ಮಾತಾಡಲಿಲ್ಲ. ನನ್ನೊಡನೆ ಮತ್ತೂ ಎರಡು ದಿನ.

ಈಗ ನನ್ನ ಹಳೆಯ ಎರಡು ನೆನಪುಗಳಿಗೆ ಬರುತ್ತೇನೆ. ಮೊದಲನೆಯದು 1967ರ ಸುಮಾರಿನದು. ಮೈಸೂರಿನಲ್ಲಿ ರೈಲು ಹಿಡಿಯಲು ನಮ್ಮ ತಂದೆ ಜಟಕಾ ಕರೆಸಿದ್ದರು. ಏರಿನಲ್ಲಿ ಕುದುರೆ ನಿಂತಿತು. ಜಟಕಾದ ಸಾಹೇಬರು ಚಾವಟಿ ಎತ್ತದೆ ಕೆಳಗಿಳಿದು ಕುದುರೆಯ ಪಕ್ಕದಲ್ಲಿ ನಡೆಯತೊಡಗಿದರು. ತಂದೆ ರೇಗಿದರು. "ಉಸಿರು ಕಟ್ಟೈತೆ ಸ್ವಾಮಿ, ಅದು ಬಾಯ್ಬಿಟ್ಟು ಹೇಳ್ತದಾ? ತಾವೂ ಒಂದಿಷ್ಟು ಇಳೀರಿ" ಎಂದರು ಅವರು. ನಾವೆಲ್ಲ ಇಳಿದು ನಡೆದೆವು, ರೈಲು ತಪ್ಪಿತು. ಸ್ಟೇಷನ್ನಿನ ಹೊರಗೆ ಅವರು ಹುಲ್ಲನ್ನು ದೂರ ಒಯ್ದು ಕೊಡವಿ, ಚೊಂಬಿನಿಂದ ನೀರು ಚಿಮುಕಿಸಿ, ಆಮೇಲೆ ಕುದುರೆಯ ಮುಂದೆ ನೆಲದ ಮೇಲೆ ಹಾಕಿದ್ದನ್ನು ನಾನು ನೋಡುತ್ತಾ ನಿಂತಿದ್ದೆ. ಇಂಗ್ಲೆಂಡಿನ ಪಶುವೈದ್ಯೆ ಹಾಳೆಯಲ್ಲಿ ಬರೆದುಕೊಟ್ಟ ಸೂಚನೆಗಳಲ್ಲಿ ಮೂರನ್ನು ಅವರು ಅಂದೇ ಮಾಡುತ್ತಿದ್ದರು.

ಎರಡನೆಯದು ಹೇಳಲು ಕಷ್ಟವಾದದ್ದು. 1988ರಲ್ಲಿ ನನ್ನ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಡ್ರಿಲ್ ಪೀರಿಯಡ್ಡಿನಲ್ಲಿ ಮೈದಾನ ಸುತ್ತು ಎಂದರೆ ಒಂದು ಸುತ್ತು ಓಡಿ ಮೊಣಕಾಲಿಗೆ ಕೈಯೂರಿ ನಿಂತುಬಿಡುತ್ತಿದ್ದ. ಭುಜಗಳು ಕಿವಿಯವರೆಗೆ ಏರುತ್ತಿದ್ದವು. ತರಗತಿಯಲ್ಲಿ ಕೆಮ್ಮುತ್ತಿದ್ದ, ಪಾಠಕ್ಕೆ ಅಡ್ಡಿಯಾಗಲೆಂದೇ ಕೆಮ್ಮುತ್ತಾನೆಂದು ನಾನು ತಿಳಿದೆ. ಎಲ್ಲರ ಮುಂದೆ ಅವನನ್ನು ಸೋಮಾರಿ ಎಂದೆ. ಕಣ್ಣೆದುರಿಗಿರಲೆಂದು ಹಿಂದಿನ ಬೆಂಚಿನಿಂದ ಎಬ್ಬಿಸಿ ಮೊದಲ ಬೆಂಚಿನಲ್ಲಿ, ಕರಿಹಲಗೆಯ ಕೆಳಗೇ ಕೂರಿಸಿದೆ. ಶಿಕ್ಷೆಯೆಂದು ದಿನವೂ ಡಸ್ಟರ್ ಕೊಡವುವ ಕೆಲಸವನ್ನು ಅವನಿಗೇ ಹಚ್ಚಿದೆ. ಇಡೀ ವರ್ಷ ಸೀಮೆಸುಣ್ಣದ ಧೂಳು ಅವನ ಮೇಲೆ ಉದುರುತ್ತಿತ್ತು. ಅದೇ ವರ್ಷ ಅದೇ ಕರಿಹಲಗೆಯ ಮೇಲೆ ಶ್ವಾಸನಾಳ, ವಾಯುಕೋಶ, ವಪೆಗಳ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಉಸಿರಾಟದ ಪಾಠ ಮಾಡಿದವನೂ ನಾನೇ. ತರಗತಿಯಲ್ಲಿ ಐವತ್ತೆರಡು ಮಕ್ಕಳಿದ್ದರು, ಉಳಿದವರೆಲ್ಲ ಚೆನ್ನಾಗಿಯೇ ಇದ್ದರು.

ಬಹಳ ವರ್ಷಗಳ ಮೇಲೆ ಗುರುವಂದನಾ ಸಮಾರಂಭವೊಂದರಲ್ಲಿ ಅವನು ನನಗೆ ಹಾರ ಹಾಕಿ, ವೇದಿಕೆಯಿಂದಿಳಿದು, ಜೇಬಿನಿಂದ ಇನ್‌ಹೇಲರ್ ತೆಗೆದು ಎಳೆದುಕೊಂಡ. ನಾನು ನೋಡಿದೆ. ಅವನು ನಾನು ನೋಡಿದ್ದನ್ನು ನೋಡಿದ. ಇಬ್ಬರೂ ಊಟದ ಸಾಲಿಗೆ ಹೋದೆವು. ಆ ಹೊತ್ತಿಗೆ ಆಡಬೇಕಾಗಿದ್ದ ಮಾತನ್ನು ನಾನು ಆಡಲಿಲ್ಲ. ಲೆಸ್ಟರಿನ ಚಳಿಯಲ್ಲಿ ಬೇಲಿಗೆ ಒರಗಿ ನಿಂತು, ಬೆತ್ತ ಹಿಡಿದ ಮೊಮ್ಮಗಳನ್ನು ನೋಡುವಾಗ ನನಗೆ ಚುಚ್ಚಿದ್ದು ಇದು.

ಈ ಬರಹವನ್ನು ಇಲ್ಲಿ ಹಾಕುವ ಮುನ್ನ ಅವನಿಗೆ ದೂರವಾಣಿ ಮಾಡಿ, ನಡೆದದ್ದನ್ನೆಲ್ಲ ಹೇಳಿ, ತಪ್ಪಾಯಿತಪ್ಪಾ ಎಂದೆ. ಬರೆಯಲು ಅನುಮತಿಯನ್ನೂ ಕೇಳಿದೆ. ಅತ್ತಲಿಂದ ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಬರೀರಿ ಸಾರ್, ಹೆಸರು ಬೇಡ" ಎಂದ. ಮತ್ತೆ ಸ್ವಲ್ಪ ತಡೆದು, "ಅಂದಹಾಗೆ ಸಾರ್, ಆ ಕುದುರೆ ಈಗ ಹೇಗಿದೆ?" ಎಂದು ಕೇಳಿದ.

ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನಾವು ಊರಿಗೆ ಹೊರಡುವ ಮುನ್ನ, 2024ರ ಏಪ್ರಿಲ್‌ನಲ್ಲಿ, ಒಡತಿ ಬಿಸ್ಕಿಟ್ಟನ್ನು ಒಂಬತ್ತು ಮೈಲಿ ಆಚೆಯ ಒಂದು ಜಮೀನಿಗೆ ಸಾಗಿಸಿದರು. ಅಲ್ಲಿ ವರ್ಷವಿಡೀ ಬಯಲಿನಲ್ಲೇ ವಾಸ, ಮಳೆಗೆ ಮೂರು ಕಡೆ ಗೋಡೆಯ ಒಂದು ಸೂರು. ಮೊಮ್ಮಗಳಿಗೆ ಹಳೆಯ ಲಾಯದ ಗೆಳತಿಯರು ತಪ್ಪಿದರು. ವಾರಕ್ಕೆ ಮೂರು ದಿನದ ಸವಾರಿ ಒಂದಕ್ಕೆ ಇಳಿಯಿತು. ಕಾಯಿಲೆ ಹೋಗಿಲ್ಲ, ಹೋಗುವಂಥದ್ದೂ ಅಲ್ಲ. ಒಂದು ದಿನ ಯಾರೋ ಬೂಷ್ಟು ಹುಲ್ಲು ಹಾಕಿದ್ದಕ್ಕೆ ಎರಡು ವಾರ ಸವಾರಿ ನಿಂತಿತ್ತು. ಇಪ್ಪತ್ತು ನಿಮಿಷ ನಡೆಸಿ ಮೈ ಬಿಸಿಯಾದ ಮೇಲೆಯೇ ಓಟ, ಲಗಾಮ ಸಡಿಲ, ಕತ್ತು ಅದಕ್ಕೆ ಬೇಕಾದಷ್ಟು ಮುಂದೆ. ಓಟ ಮುಗಿದ ಮೇಲೆ ಉಸಿರು ಎಷ್ಟು ನಿಮಿಷಕ್ಕೆ ಹಳೆಯ ಲೆಕ್ಕಕ್ಕೆ ಬರುತ್ತದೆಂದು ಬರೆದಿಡುತ್ತಾಳೆ. ಭಾನುವಾರಗಳಂದು ನನ್ನ ಮೊಬೈಲಿಗೆ ಒಂದು ಸಂಖ್ಯೆ ಮಾತ್ರ ಬರುತ್ತದೆ, ಬೇರೇನೂ ಬರೆದಿರುವುದಿಲ್ಲ. ಕಳೆದ ವಾರ ಬಂದದ್ದು 12.